ಬೆಟ್ಟದ ಮೇಪು, ಬಯಲಿನ ಮೆದೆ

ಯಳಂದೂರಿನಲ್ಲಿ ಹೊರಟು ಕೊಳ್ಳೇಗಾಲವನ್ನು ಹಾದು, ಹನೂರು ಕೌದಳ್ಳಿಗಳ ಮೇಲೆ ಮಲೆಯ ಮಹದೇಶ್ವರನ ಬೆಟ್ಟದತ್ತ ಸಾಗುವ ಪ್ರಯಾಣಿಕನು, ಮಾಘಮಾಸ ಕಳೆದು ಬಿಸಿಲು ಬಲಿಯುವ ದಿನಗಳಲ್ಲಿ ಆ ದಾರಿಯನ್ನು ಹಿಡಿದನಾದರೆ, ಅರ್ಧ ದಿನದೊಳಗೆ ಒಂದೇ ಜಿಲ್ಲೆಯ ಎರಡು ಭಿನ್ನ ಪ್ರಪಂಚಗಳನ್ನು ಕಾಣುತ್ತಾನೆ. ಸುವರ್ಣಾವತಿಯ ನೀರುಂಡ ಯಳಂದೂರಿನ ಗದ್ದೆಬಯಲುಗಳಲ್ಲಿ ಆ ವೇಳೆಗೆ ಕೊಯ್ಲು ಮುಗಿದು, ಕಣದ ಬದಿಯಲ್ಲಿ ನೆಲ್ಲುಹುಲ್ಲಿನ ಮೆದೆಗಳು ನಿಂತಿರುತ್ತವೆ. ಕೊಳ್ಳೇಗಾಲದ ಸುತ್ತ ರೇಷ್ಮೆಹುಳುವಿಗಾಗಿ ಬೆಳೆದ ಹಿಪ್ಪುನೇರಳೆಯ ತೋಟಗಳು ಅಷ್ಟಿಷ್ಟು ಹಸಿರನ್ನು ಉಳಿಸಿಕೊಂಡಿರುತ್ತವೆ. ಹನೂರನ್ನು ದಾಟುತ್ತಲೇ ನೆಲ ಕೆಂಪಾಗಿ, ಕಲ್ಲಾಗಿ, ರಾಗಿಯ ಕೂಳೆಯಾಗಿ, ಕೌದಳ್ಳಿಯಿಂದಾಚೆಗೆ ಬರಿಯ ಬೆಟ್ಟದ ಓರೆಯಾಗಿ ಮಾರ್ಪಡುತ್ತದೆ. ಆ ಓರೆಗಳಲ್ಲಿ ಹುಲ್ಲಿಲ್ಲವೆಂದು ಯಾರೂ ಹೇಳಲಾರರು. ಆಶ್ವಯುಜದ ಹಿಂಗಾರುಮಳೆಗೆ ಸೊಂಟದೆತ್ತರಕ್ಕೆ ಬೆಳೆದ ಹುಲ್ಲು ಒಣಗಿ, ಹೊನ್ನಿನ ಬಣ್ಣ ತಾಳಿ, ಗಾಳಿಗೆ ಓಲಾಡುತ್ತ ನಿಂತಿರುತ್ತದೆ. ಅದರ ನಡುವೆಯೇ ಪಕ್ಕೆಲುಬುಗಳನ್ನು ಎಣಿಸಬಹುದಾದಂಥ ದನಗಳು ಮೇಯುತ್ತಿರುತ್ತವೆ. ಇಷ್ಟೊಂದು ಮೇಪಿದ್ದೂ ಈ ದನ ಏಕೆ ಬಡಕಲಾಯಿತೆಂದು ಪರಸ್ಥಳದವನು ಬೆರಗಾದರೆ, ದೊಡ್ಡಿಯ ಹಿರಿಯನು ಕೊಡುವ ಉತ್ತರ ಬಹು ಚಿಕ್ಕದು: “ಹುಲ್ಲು ಐತೆ ಬುದ್ದಿ, ಹುಲ್ಲೊಳಗೆ ಏನೂ ಇಲ್ಲ.”

ಆ ಹಿರಿಯನ ಮಾತನ್ನೇ ಪಶುವಿಜ್ಞಾನಿಗಳು ಅಂಕಿಗಳಲ್ಲಿ ಹೇಳುತ್ತಾರೆ. ಎಳೆಯ ಹಸಿಹುಲ್ಲಿನ ಒಣತೂಕದಲ್ಲಿ ನೂರಕ್ಕೆ ಹತ್ತು ಭಾಗದಷ್ಟೋ ಅದಕ್ಕಿಂತ ಮಿಗಿಲಾಗಿಯೋ ಇರುವ ಸಸಾರಜನಕವು, ಅದೇ ಹುಲ್ಲು ಹೂವಾಡಿ, ಬೀಜ ಚೆಲ್ಲಿ, ನಿಂತಲ್ಲಿಯೇ ಒಣಗಿದಾಗ ಮೂರು ನಾಲ್ಕು ಭಾಗಕ್ಕೆ ಇಳಿದುಬಿಡುತ್ತದೆ. ಮೆಲುಕುಹಾಕುವ ಪ್ರಾಣಿಯು ಹುಲ್ಲನ್ನು ತಾನಾಗಿ ಜೀರ್ಣಿಸಿಕೊಳ್ಳುವುದಿಲ್ಲವೆಂಬುದೂ, ಅದರ ಹೊಟ್ಟೆಯ ಮೊದಲನೆಯ ದೊಡ್ಡ ಕೋಶದಲ್ಲಿ ವಾಸಿಸುವ ಅಸಂಖ್ಯ ಸೂಕ್ಷ್ಮಜೀವಿಗಳು ಅದನ್ನು ಒಡೆದು ಹುಳಿಯಿಸಿ ಕೊಟ್ಟ ಮೇಲೆಯೇ ಅದು ಉಣ್ಣುವುದೆಂಬುದೂ ಈಗ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಆ ಸೂಕ್ಷ್ಮಜೀವಿಗಳಿಗೂ ಒಂದು ಆಹಾರವುಂಟು, ಅದು ಸಾರಜನಕ. ಮೇವಿನಲ್ಲಿ ಸಸಾರಜನಕವು ನೂರಕ್ಕೆ ಸುಮಾರು ಏಳು ಭಾಗಕ್ಕಿಂತ ಕೆಳಗಿಳಿಯಿತೆಂದರೆ ಅವು ಸೊರಗುತ್ತವೆ, ನಾರು ಕರಗುವುದು ನಿಧಾನವಾಗುತ್ತದೆ, ತಿಂದದ್ದು ಮುಂದೆ ಸಾಗದೆ ಅಲ್ಲಿಯೇ ಕೂರುತ್ತದೆ. ಹೊಟ್ಟೆ ತುಂಬಿದಂತೆ ತೋರುವುದರಿಂದ ದನವು ಮೇಯುವುದನ್ನೇ ಕಡಮೆಮಾಡುತ್ತದೆ. ಹೀಗೆ, ತುಂಬಿದ ಹೊಟ್ಟೆಯೊಡನೆ ಉಪವಾಸ ಬೀಳುವ ವಿಚಿತ್ರ ದುರವಸ್ಥೆಯು ಬೇಸಗೆಯ ಕಾಡುದನಕ್ಕೆ ಒದಗುತ್ತದೆ. ಮೇಲಾಗಿ, ನೀರಿಗೆ ಹಳ್ಳದ ತಳಕ್ಕೂ ಮೇವಿಗೆ ಗುಡ್ಡದ ನೆತ್ತಿಗೂ ದಿನವೂ ಏರಿಳಿಯುವ ದಣಿವು ಬೇರೆ.

ಪೂರಕ ಮೇವೆಂಬುದರ ತತ್ತ್ವವೆಲ್ಲ ಇಲ್ಲಿಯೇ ಅಡಗಿದೆ. ಕಾಡಿನಿಂದ ಮರಳಿದ ದನಕ್ಕೆ ಸಂಜೆ ಕಾಲು ಕಿಲೋದಷ್ಟು ಕಡಲೆಕಾಯಿ ಹಿಂಡಿಯನ್ನು ಕೊಟ್ಟರೆ, ಅದರಿಂದ ಒದಗುವ ನೂರು ಗ್ರಾಮಿನಷ್ಟು ಸಸಾರಜನಕವು ಕೊಂಡವನ ಲೆಕ್ಕದಲ್ಲಿ ಅತ್ಯಲ್ಪವೆನಿಸಿದರೂ, ಹಾಲಿನ ಗಡಿಗೆಗೆ ಹಾಕಿದ ಚಮಚದಷ್ಟು ಹೆಪ್ಪು ಗಡಿಗೆಯನ್ನೆಲ್ಲ ಹೆಪ್ಪುಗಟ್ಟಿಸುವಂತೆ, ಹೊಟ್ಟೆಯೊಳಗೆ ನಿಷ್ಕ್ರಿಯವಾಗಿ ಬಿದ್ದಿರುವ ಒಣಹುಲ್ಲನ್ನೆಲ್ಲ ಆಹಾರವನ್ನಾಗಿ ಮಾಡುತ್ತದೆ. ಮರುದಿನ ದನವು ಮೊದಲಿಗಿಂತ ಹೆಚ್ಚು ಹುಲ್ಲನ್ನು ಮೇಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಕರುಣೆಯಿಂದಲೇ ಆಗಲಿ, ಎರಡು ಮೂರು ಕಿಲೋ ಧಾನ್ಯದ ನುಚ್ಚನ್ನು ಒಮ್ಮೆಗೇ ಸುರಿದರೆ, ದನವು ಹುಲ್ಲನ್ನು ಬಿಟ್ಟು ನುಚ್ಚನ್ನು ಕಾಯುವುದಕ್ಕೆ ಕಲಿಯುತ್ತದೆ. ಹಸಿದು ಬಂದ ಹೊಟ್ಟೆಯಲ್ಲಿ ಅದು ಹುಳಿಯೇರಿ ಪ್ರಾಣಾಪಾಯವನ್ನು ತಂದರೂ ತಂದೀತು. ಬೆಟ್ಟದ ಮೇಪನ್ನು ಉಪಯೋಗಕ್ಕೆ ತರುವಷ್ಟು ಮಾತ್ರ ಕೊಡುವುದು ಪೂರಕ. ಬೆಟ್ಟವನ್ನು ಮರೆಸುವಷ್ಟು ಕೊಡುವುದು ಪೂರಕವಲ್ಲ, ಅದು ಕೊಟ್ಟಿಗೆಯ ಸಾಕಣೆ. ಇವೆರಡರ ವ್ಯತ್ಯಾಸವನ್ನು ತಿಳಿಯದೆ ಮಾಡಿದ ಯೋಜನೆಗಳು ಎಷ್ಟು ಹಣ ನುಂಗಿದರೂ ಬಡದನದ ಮೈಗೆ ಮಾಂಸ ತುಂಬಿಸಲಾರವು.

ಶುಷ್ಕಭೂಮಿಯಲ್ಲಿ ಮೇಯುವ ಪ್ರಾಣಿಗಳ ಮಾತು ಬಂದಾಗ ಒಂಟೆಯನ್ನು ನೆನೆಯದೆ ಮುಂದುವರಿಯುವುದು ಉಚಿತವಲ್ಲ. ನಮ್ಮ ಸೀಮೆಗೆ ಅದು ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಡೆಯುವ ಅತಿಥಿಯಾಗಿ ಮಾತ್ರ ಪರಿಚಿತ. ಆದರೆ ರಾಜಸ್ಥಾನದ ರಾಯಿಕರಿಗೆ ಅದು ಕುಲಧನ. ನಾವು ವಿಜಯದಶಮಿಯಂದು ಪೂಜಿಸುವ ಬನ್ನಿಯ ಮರವೇ ಅವರ ಮರುಭೂಮಿಯ ಖೇಜಡಿ. ಅದರ ಎಲೆಯನ್ನು ಸವರಿ ಒಣಗಿಸಿ ಕೂಡಿಟ್ಟು, ಬೋರೆಯ ಪೊದೆಯ ಒಣ ಎಲೆಯನ್ನೂ ಮಡಕೆಕಾಳು, ಗೋರಿಕಾಯಿಗಳ ಹೊಟ್ಟನ್ನೂ ಅದರೊಡನೆ ಸೇರಿಸಿ, ಬೇಸಗೆಯಲ್ಲಿ ಒಂಟೆಗೆ ಕೊಡುವುದು ಅಲ್ಲಿನ ಪುರಾತನ ಪದ್ಧತಿ. ಒಂಟೆಯು ತನ್ನ ರಕ್ತದಲ್ಲಿನ ಯೂರಿಯವನ್ನು ಮೂತ್ರವಾಗಿ ಕಳೆದುಕೊಳ್ಳದೆ ಬಹುಭಾಗವನ್ನು ಜಠರಕ್ಕೆ ಮರಳಿಸಿ, ಅಲ್ಲಿನ ಸೂಕ್ಷ್ಮಜೀವಿಗಳಿಗೆ ಉಣಿಸುವ ಮಿತವ್ಯಯದಲ್ಲಿ ನಮ್ಮ ಎತ್ತುಹಸುಗಳನ್ನು ಮೀರಿಸಿದ ಪ್ರಾಣಿ. ಆದರೂ ಅದಕ್ಕೆ ಬೇಕಾದ ಉಪ್ಪಿನ ಪ್ರಮಾಣ ದನಕ್ಕಿಂತ ಹಲವು ಪಾಲು ಹೆಚ್ಚು. ಬಿಕಾನೇರದಲ್ಲಿ 1984ರಲ್ಲಿ ಒಂಟೆಗಾಗಿಯೇ ಒಂದು ರಾಷ್ಟ್ರೀಯ ಸಂಶೋಧನ ಕೇಂದ್ರವು ಸ್ಥಾಪಿತವಾಗಿದ್ದರೂ, ದೇಶದ ಒಂಟೆಗಳ ಸಂಖ್ಯೆ 2012ರ ಗಣತಿಯಲ್ಲಿ ನಾಲ್ಕು ಲಕ್ಷವಿದ್ದದ್ದು 2019ರಲ್ಲಿ ಎರಡೂವರೆ ಲಕ್ಷಕ್ಕೆ ಇಳಿಯಿತು. ಇದಕ್ಕೆ ಕಾರಣಗಳು ಹಲವು; ಅವುಗಳಲ್ಲಿ ಒಂದು, ಕುಂಭಲಗಢದ ಅಭಯಾರಣ್ಯದಂಥ ಎಡೆಗಳಲ್ಲಿ ಮಳೆಗಾಲದ ಮೇವಿಗೆ ಒಂಟೆಗಳನ್ನು ಬಿಡುತ್ತಿದ್ದ ರಾಯಿಕರಿಗೆ ಕಾಡಿನ ಬಾಗಿಲು ಮುಚ್ಚುತ್ತ ಬಂದದ್ದು. ಮೇಪು ತಪ್ಪಿದ ಮೇಲೆ ಪೂರಕವೆಂಬುದು ಪೂರ್ಣಾಹಾರವಾಗಬೇಕಾಯಿತು. ಪೂರ್ಣಾಹಾರವನ್ನು ಕೊಂಡು ಒಂಟೆ ಸಾಕುವಷ್ಟು ಶಕ್ತಿ ರಾಯಿಕನಿಗೆ ಇರಲಿಲ್ಲ. ಆ ಕಥೆಯನ್ನು ಹನೂರಿನವರು ಕಿವಿಗೊಟ್ಟು ಕೇಳಬೇಕಾದ ಕಾಲ ಈಗ ಬಂದಿದೆ.

ಹನೂರು ತಾಲ್ಲೂಕಿನ ಊರುಗಳ ಹೆಸರುಗಳಲ್ಲಿ ‘ದೊಡ್ಡಿ’ ಎಂದು ಕೊನೆಗೊಳ್ಳುವವು ಎಷ್ಟಿವೆಯೋ ಲೆಕ್ಕವಿಟ್ಟವರಿಲ್ಲ. ಕಾಡಿನ ನಡುವೆ ಮುಳ್ಳಿನಿಂದಲೋ ಬಿದಿರಿನಿಂದಲೋ ಬೇಲಿ ಕಟ್ಟಿ, ರಾತ್ರಿ ದನ ಕೂಡಿ, ಎಳೆಗರುಗಳಿಗೆ ಒಳಗೊಂದು ಚಿಕ್ಕ ಗೂಡು ಹೆಣೆದು, ತಿಂಗಳುಗಟ್ಟಲೆ ಅಲ್ಲಿಯೇ ಇದ್ದು ದನ ಕಾಯುವ ಈ ಪದ್ಧತಿಯು ಗಡಿಯಾಚೆಗಿನ ಬರ್ಗೂರು ಬೆಟ್ಟಗಳಲ್ಲಿಯೂ ಹಾಗೆಯೇ ಇದೆ. ಅಲ್ಲಿ ಅದಕ್ಕೆ ಪಟ್ಟಿಯೆಂದು ಹೆಸರು. ಈರೋಡು ಜಿಲ್ಲೆಗೆ ಸೇರಿದ ಆ ಬೆಟ್ಟಗಳಲ್ಲಿ ಕೆಂಪುಮೈಗೆ ಬಿಳಿಯ ಮಚ್ಚೆ ಚೆಲ್ಲಿದ ಬರ್ಗೂರು ತಳಿಯನ್ನು ಉಳಿಸಿಕೊಂಡು ಬಂದವರು ಕನ್ನಡ ಮಾತನಾಡುವ ಲಿಂಗಾಯತರು. ಅಂದಿಯೂರಿನ ಗುರುನಾಥಸ್ವಾಮಿಯ ಜಾತ್ರೆಯಲ್ಲಿ ಅವರ ಹೋರಿಗಳು ಇಂದಿಗೂ ಮಾರಾಟಕ್ಕೆ ನಿಲ್ಲುತ್ತವೆ. ಕಾವೇರಿಯ ದಡದಲ್ಲಿ, ಗೋಪಿನಾಥಂ ಕಡೆಯಲ್ಲಿರುವ ಆಲಂಬಾಡಿಯೆಂಬ ಊರು ತನ್ನ ಹೆಸರನ್ನು ಮತ್ತೊಂದು ತಳಿಗೆ ಕೊಟ್ಟಿತು. 1936ರಲ್ಲಿ ಲಿಟಲ್‌ವುಡ್ ಎಂಬ ಆಂಗ್ಲ ಅಧಿಕಾರಿ ದಕ್ಷಿಣ ಭಾರತದ ಜಾನುವಾರುಗಳನ್ನು ಕುರಿತು ಬರೆದ ಗ್ರಂಥದಲ್ಲಿ ಈ ಎರಡು ತಳಿಗಳಿಗೂ ಸ್ಥಾನವುಂಟು. ಆಗ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ಏಕೀಕರಣದವರೆಗೂ, ಯಳಂದೂರಿನವನು ಕೊಳ್ಳೇಗಾಲದ ಸಂತೆಗೆ ಎತ್ತು ಹೊಡೆದುಕೊಂಡು ಹೋದರೆ ಮೈಸೂರು ಸೀಮೆಯನ್ನು ಬಿಟ್ಟು ಪರಸೀಮೆಗೆ ಕಾಲಿಟ್ಟಂತೆ ಆಗುತ್ತಿತ್ತು. ರಾಜಕೀಯದ ಈ ಗೆರೆಗಳಿಗೆ ದನಗಳು ಎಂದೂ ಮರ್ಯಾದೆ ಕೊಟ್ಟವಲ್ಲ.

ದೊಡ್ಡಿಯ ದನಕ್ಕೆ ಕೈಮೇವನ್ನು ಹಾಕುವ ರೂಢಿ ಇರಲೇ ಇಲ್ಲವೆಂದು ಭಾವಿಸುವುದು ತಪ್ಪು. ಕರುಹಾಕಿದ ಹಸುವಿಗೆ ಬೇಯಿಸಿದ ಹುರುಳಿ, ಉಳುವ ಎತ್ತಿಗೆ ನೆನೆಹಾಕಿ ರುಬ್ಬಿದ ಹತ್ತಿಬೀಜ, ಮನೆಯ ಹಸುವಿಗೆ ತೌಡು ಬೆರೆಸಿದ ಕಲಗಚ್ಚು, ಎಲ್ಲಕ್ಕೂ ಮಿಗಿಲಾಗಿ ಬೇಸಗೆಯಲ್ಲಿ ಗೊಬ್ಬಳಿ, ಬಿಳಿಜಾಲಿಗಳ ಕಾಯಿಯನ್ನು ದೋಟಿಯಿಂದ ಉದುರಿಸಿ ಹಾಕುವುದು, ಅತ್ತಿ ಬಸರಿ ಆಲಗಳ ಸೊಪ್ಪನ್ನು ಸವರಿ ಕೊಡುವುದು, ಇವೆಲ್ಲ ಪುಸ್ತಕ ನೋಡಿ ಕಲಿತ ವಿದ್ಯೆಗಳಲ್ಲ. ಕೊಂಗುನಾಡಿನ ಕಂಗಾಯಂ ಸೀಮೆಯ ರೈತರು ಇದನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದ್ದಾರೆ: ಮುಳ್ಳಿನ ಜೀವಬೇಲಿಯಿಂದ ಸುತ್ತುವರಿದ, ಕೊರಂಗಾಡು ಎಂದು ಕರೆಯಲ್ಪಡುವ ಖಾಸಗಿ ಹುಲ್ಲುಗಾವಲಿನಲ್ಲಿ ಬಿಳಿಜಾಲಿಯ ಮರಗಳನ್ನು ಅಲ್ಲಲ್ಲಿ ಉಳಿಸಿಕೊಂಡು, ಕೆಳಗೆ ಹುಲ್ಲು ಒಣಗುವ ತಿಂಗಳುಗಳಲ್ಲಿಯೇ ಮೇಲಿನಿಂದ ಸಸಾರಜನಕಯುಕ್ತವಾದ ಕಾಯಿ ಬೀಳುವಂತೆ ಏರ್ಪಡಿಸಿಕೊಂಡಿದ್ದಾರೆ. ಹೊಟ್ಟೆ ಬೇಡುವ ಹೊತ್ತಿಗೆ ಮರವೇ ಬಡಿಸುವ ಈ ವ್ಯವಸ್ಥೆಗಿಂತ ಜಾಣತನದ ಪೂರಕ ಆಹಾರ ಯೋಜನೆಯನ್ನು ಯಾವ ಇಲಾಖೆಯೂ ಇನ್ನೂ ರೂಪಿಸಿದಂತಿಲ್ಲ.

ರಾಜ್ಯಗಳ ಭವಿಷ್ಯವೇ ದನದ ಹೊಟ್ಟೆಯನ್ನು ಅವಲಂಬಿಸಿದ್ದ ಕಾಲವೂ ಒಂದಿತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯಾಗಿ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ತಾಳಿದ ಆ ಮಹಾಸಂಸ್ಥೆಯು, ತನ್ನ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ದನವನ್ನು ಹೊಡೆಯುತ್ತಿತ್ತು. ನೆರಳೂ ನೀರೂ ಇದ್ದ ಎಡೆಗಳು ಬೇಸಗೆಗೆಂದು ಮೀಸಲಾಗಿರುತ್ತಿದ್ದವು. ಇದರ ಮಹತ್ವವನ್ನು ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನು ಕಷ್ಟಪಟ್ಟು ಕಲಿತನು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಗೋಡೆಗಳು ಕಣ್ಣಿಗೆ ಕಾಣುವಷ್ಟು ಹತ್ತಿರಕ್ಕೆ ಬಂದು, ಅರಿಕೆರೆಯ ಯುದ್ಧವನ್ನೂ ಗೆದ್ದು, ಅವನು ಹಿಂದಿರುಗಬೇಕಾಯಿತು; ಟಿಪ್ಪುವು ದಾರಿಯ ಮೇವನ್ನೆಲ್ಲ ನಾಶಪಡಿಸಿದ್ದನು, ರೋಗವೂ ಹಸಿವೂ ಕೂಡಿ ಎತ್ತುಗಳು ಗುಂಪುಗುಂಪಾಗಿ ಸತ್ತವು, ಎಳೆಯುವವರಿಲ್ಲದ ಭಾರಿ ಫಿರಂಗಿಗಳನ್ನು ಅವನೇ ಒಡೆಸಿಹಾಕಿದನು. ಟಿಪ್ಪುವಿನ ಪತನಾನಂತರ ಅಮೃತಮಹಲಿನ ದನಗಳ ಪಾಲನೆ ದಿವಾನ್ ಪೂರ್ಣಯ್ಯನವರ ಸರ್ಕಾರದ ಪಾಲಿಗೆ ಬಂತು. 1807ರಲ್ಲಿ ಯಳಂದೂರನ್ನು ಜಹಗೀರಾಗಿ ಪಡೆದವರು ಇದೇ ಪೂರ್ಣಯ್ಯನವರು. ಹಣಕಾಸಿನಲ್ಲಿ ಅವರ ದಕ್ಷತೆಯನ್ನು ಶತ್ರುಗಳೂ ಹೊಗಳಿದ್ದುಂಟು. ದನಗಳ ವಿಷಯದಲ್ಲಿ ಮಾತ್ರ ಆ ದಕ್ಷತೆ ಫಲಿಸಲಿಲ್ಲವೆಂದು ತೋರುತ್ತದೆ. ಮಂದೆ ಕ್ಷೀಣಿಸಿತೆಂಬ ಕಾರಣದಿಂದ 1813ರಲ್ಲಿ ಇಂಗ್ಲಿಷರು ಅದನ್ನು ತಮ್ಮ ಸೇನೆಯ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಒಪ್ಪಿಸಿದರು. ಖಜಾನೆಯನ್ನು ತುಂಬಿದಷ್ಟು ಸುಲಭವಾಗಿ ಮೇವಿನ ಮೆದೆಯನ್ನು ತುಂಬಲಾಗುವುದಿಲ್ಲವೋ ಏನೋ.

ಇನ್ನು ನಮ್ಮ ಕಾಲದ ಮಾತು. ಬೆಟ್ಟದ ಮೇಪು ಎರಡು ಕಡೆಯಿಂದ ಕಿರಿದಾಗುತ್ತ ಬಂದಿದೆ. ಮೊದಲನೆಯದು ಲಂಟಾನವೆಂಬ ಪೊದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ವರ್ಷದ ಆರಂಭದಲ್ಲಿ, ನೆಲದ ತರಗು ಮಾತ್ರ ಉರಿದು ಮರಕ್ಕೆ ತಾಗದಂತೆ ಸಣ್ಣ ಬೆಂಕಿ ಇಡುತ್ತಿದ್ದರು. ಅದನ್ನು ಅವರು ತರಗುಬೆಂಕಿ ಎನ್ನುತ್ತಾರೆ. ಅಭಯಾರಣ್ಯದ ಕಾಯಿದೆಗಳು ಬಂದು ಆ ಬೆಂಕಿ ನಿಂತ ಮೇಲೆ ಲಂಟಾನಕ್ಕೆ ಅಡ್ಡಿಯಿಲ್ಲದಾಯಿತೆಂಬುದು ಅವರ ದೃಢವಾದ ಅಭಿಪ್ರಾಯ. ಅಶೋಕ ಪರಿಸರ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು 1997ರಲ್ಲಿಯೂ ಮತ್ತೆ 2008ರಲ್ಲಿಯೂ ಆ ಕಾಡನ್ನು ಅಳೆದು ನೋಡಿ, ಈ ಅವಧಿಯಲ್ಲಿ ಲಂಟಾನವು ಬಹಳವಾಗಿ ಹಬ್ಬಿರುವುದನ್ನು ದಾಖಲೆ ಮಾಡಿದ್ದಾರೆ. ಅದರಡಿಯಲ್ಲಿ ಹುಲ್ಲು ಬೆಳೆಯದು. ಹಸಿವು ತಾಳದೆ ಅದರ ಎಲೆಯನ್ನೇ ತಿಂದ ದನಕ್ಕೆ ಯಕೃತ್ತು ಕೆಟ್ಟು, ಬಿಸಿಲು ತಾಗಿದಲ್ಲಿ ಚರ್ಮ ಸುಲಿಯುತ್ತದೆ. ಎರಡನೆಯದು ಕಾಯಿದೆಯ ಬೇಲಿ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿಸಂರಕ್ಷಿತ ಪ್ರದೇಶವಾಯಿತು. 2013ರಲ್ಲಿ ಮಲೆಮಹದೇಶ್ವರ ವನ್ಯಜೀವಿಧಾಮ ಘೋಷಿತವಾಯಿತು. 2022ರ ಮಾರ್ಚಿನಲ್ಲಿ ಮದರಾಸು ಉಚ್ಚ ನ್ಯಾಯಾಲಯವು ತಮಿಳುನಾಡಿನ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿ, ಬಳಿಕ ಆ ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿಪ್ರದೇಶಗಳಿಗೆ ಸೀಮಿತಗೊಳಿಸಿತು.

ತರುವಾಯ 2025ರ ಜೂನ್ ತಿಂಗಳಲ್ಲಿ ಮಲೆಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದವು. ಹುಲಿ ಹೊಡೆದ ಹಸುವಿನ ಕಳೇಬರಕ್ಕೆ ವಿಷವಿಕ್ಕಿದ್ದರೆಂಬ ವಾರ್ತೆ ನಾಡನ್ನೆಲ್ಲ ತಲ್ಲಣಗೊಳಿಸಿತು. ಹುಲಿಯನ್ನು ವಾಹನವಾಗಿ ಮಾಡಿಕೊಂಡ ಮಹದೇಶ್ವರನ ಸನ್ನಿಧಿಯಲ್ಲಿಯೇ ಇಂಥ ಕೃತ್ಯ ನಡೆಯಿತಲ್ಲವೆಂದು ಭಕ್ತರು ಮರುಗಿದರು. ಮರುತಿಂಗಳಲ್ಲಿಯೇ ಕರ್ನಾಟಕದ ಅರಣ್ಯಸಚಿವರು ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯುವಂತೆ ಅಧಿಕಾರಿಗಳಿಗೆ ಸೂಚನೆಯಿತ್ತರು. ಬೆಟ್ಟದ ತಪ್ಪಲಿನ ರೈತರು ಅದನ್ನು ಪ್ರತಿಭಟಿಸಿದರು. ವಿಷವಿಕ್ಕಿದವರ ಪರವಾಗಿ ಆಡುವ ಮಾತು ಯಾರ ಬಳಿಯೂ ಇರಲಾರದು. ಆದರೆ ಅರಣ್ಯಹಕ್ಕು ಕಾಯಿದೆಯು 2006ರಲ್ಲಿಯೇ ಮೇವಿನ ಹಕ್ಕನ್ನೂ ಹೆಸರಿಸಿ ಮನ್ನಿಸಿದೆಯೆಂಬುದನ್ನು ಮರೆತು, ಕೆಲವರ ಅಪರಾಧಕ್ಕೆ ಸಮಸ್ತ ದೊಡ್ಡಿಗಳ ದನವನ್ನೂ ಹೊಣೆಮಾಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಅದಿರಲಿ, ಕಾಡು ಪೂರ್ತಿ ಮುಚ್ಚಲಿ, ಅರೆ ಮುಚ್ಚಲಿ, ದನವು ಇಂದು ಸಂಜೆ ಏನನ್ನು ತಿನ್ನಬೇಕೆಂಬ ಪ್ರಶ್ನೆಗೆ ಸೂಚನೆಯ ಕಾಗದದಲ್ಲಿ ಉತ್ತರವಿರುವುದಿಲ್ಲ.

ಬರ ಬಂದಾಗ ನಾವು ಕೊಡುವ ಉತ್ತರ ಗೋಶಾಲೆ. 2016–17ರ ಬರದಲ್ಲಿ ಈ ಸೀಮೆಯಲ್ಲಿ ಗೋಶಾಲೆಗಳೂ ಮೇವಿನ ಬ್ಯಾಂಕುಗಳೂ ತೆರೆದವು. ಶ್ರೀರಾಮಚಂದ್ರಾಪುರ ಮಠದವರು ನಾಡಿನ ದಾನಿಗಳಿಂದ ಮೇವು ಸಂಗ್ರಹಿಸಿ ಮಲೆಮಹದೇಶ್ವರ ಬೆಟ್ಟದ ದನಗಳಿಗೆ ಕಳುಹಿಸಿದರು. ಅಂಥ ಔದಾರ್ಯವನ್ನು ಅಲ್ಲಗಳೆಯುವಷ್ಟು ಕೃತಘ್ನತೆ ಸಲ್ಲದು. ಆದಾಗ್ಯೂ, ದನ ಕಾಲುಮಡಚಿ ಬಿದ್ದ ಮೇಲೆ ಲಾರಿ ಬರುವುದಕ್ಕಿಂತ, ಅದು ನಿಂತಿರುವಾಗಲೇ ಹಿಡಿ ಹಿಂಡಿ ದೊರೆಯುವುದು ಎಷ್ಟೋ ಪಾಲು ಮೇಲು. ಬಿದ್ದ ದನಕ್ಕೆ ಕೊಡುವುದು ಬಹುಮಟ್ಟಿಗೆ ಬರಿಯ ನೆಲ್ಲುಹುಲ್ಲು. ಅದರಲ್ಲಿಯೂ ಸಸಾರಜನಕ ಮೂರು ನಾಲ್ಕು ಭಾಗವೇ ಆದ್ದರಿಂದ, ಬೆಟ್ಟದಲ್ಲಿ ನಿಂತಿದ್ದ ಹುಲ್ಲಿಗಿಂತ ಅದು ಯಾವ ವಿಧದಲ್ಲಿಯೂ ಸತ್ವಯುತವಲ್ಲ. ಇದಲ್ಲದೆ ನಾನಾ ಊರುಗಳ ದನ ಒಂದೆಡೆ ಕೂಡಿದಾಗ ಕಾಲುಬಾಯಿ ಜ್ವರವೂ ಕೂಡಿಬರುತ್ತದೆ. ಕೊನೆಗೆ ಮುಂಗಾರಿನ ಮೊದಲ ಮಳೆಗೆ ಗೋಶಾಲೆ ಮುಚ್ಚುತ್ತದೆ. ಬಡಕಲು ದನವು ನೀರೇ ತುಂಬಿದ ಎಳೆಹುಲ್ಲಿನ ಹಿಂದೆ ಗುಡ್ಡ ಹತ್ತಿ, ಬರದಲ್ಲಿ ಬದುಕಿದ್ದದ್ದು ಮಳೆಯಲ್ಲಿ ಸಾಯುತ್ತದೆ. ಹೊಸ ಹುಲ್ಲು ಬಲಿಯುವ ತನಕ, ಮಳೆ ಬಿದ್ದ ಮೇಲೆಯೂ ಹದಿನೈದು ಇಪ್ಪತ್ತು ದಿನ ಒಣಮೇವನ್ನು ಮುಂದುವರಿಸಬೇಕೆಂಬುದನ್ನು ಹಳಬರು ಬಲ್ಲರು. ಸರ್ಕಾರದ ಲೆಕ್ಕಕ್ಕೆ ಮಾತ್ರ ಮಳೆ ಬಂತೆಂದರೆ ಬರ ಮುಗಿಯಿತು.

ಒಣಹುಲ್ಲಿಗೆ ಸತ್ವ ತುಂಬುವ ಉಪಾಯ ರಹಸ್ಯವೇನೂ ಅಲ್ಲ. ನೂರು ಕಿಲೋ ನೆಲ್ಲುಹುಲ್ಲಿಗೆ ನಾಲ್ಕು ಕಿಲೋ ಯೂರಿಯವನ್ನು ಐವತ್ತು ಅರವತ್ತು ಲೀಟರು ನೀರಿನಲ್ಲಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಟ್ಟರೆ, ನಾರು ಮೆತ್ತಗಾಗಿ ಸಾರಜನಕವೂ ಇಮ್ಮಡಿಸುತ್ತದೆ. ಬಿಚ್ಚಿದ ಮೇಲೆ ಕೆಲವು ಗಂಟೆ ಗಾಳಿಗೆ ಹರಡಿ, ಮೂಗಿಗೆ ಹೊಡೆಯುವ ವಾಸನೆ ಹೋದ ಬಳಿಕ ಕೊಡಬೇಕು. ಆರು ತಿಂಗಳೊಳಗಿನ ಕರುವಿಗೆ ಕೂಡದು. ಯೂರಿಯ ಕದಡಿದ ನೀರನ್ನು ದನ ಕುಡಿಯಿತೆಂದರೆ ಗಂಟೆಗಳೊಳಗೆ ಸಾಯುತ್ತದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು 1980ರ ದಶಕದಿಂದ ಪ್ರಚಾರಮಾಡಿದ, ಕಾಕಂಬಿ, ಯೂರಿಯ, ಲವಣಗಳನ್ನು ಕೂಡಿಸಿ ಅಚ್ಚುಹೊಯ್ದ ನೆಕ್ಕುವ ಇಟ್ಟಿಗೆ ಇದಕ್ಕಿಂತ ನಿರಪಾಯಕರ. ನೆಕ್ಕಿದಷ್ಟೇ ಹೊಟ್ಟೆಗೆ ಸೇರುವುದರಿಂದ ಅತಿಯಾಗುವ ಭಯ ಕಡಮೆ, ಹೊತ್ತುಕೊಂಡು ದೊಡ್ಡಿಗೆ ಹೋಗುವುದೂ ಸುಲಭ. ಕೊಳ್ಳೇಗಾಲದ ರೇಷ್ಮೆಮನೆಗಳಲ್ಲಿ ಹುಳು ತಿಂದು ಬಿಟ್ಟ ಹಿಪ್ಪುನೇರಳೆಯ ಸೊಪ್ಪುಕಡ್ಡಿಯಂತೂ ಈ ಸೀಮೆಗೆ ದೈವ ಕೊಟ್ಟ ವರ; ಆ ಎಲೆಯ ಒಣತೂಕದಲ್ಲಿ ನೂರಕ್ಕೆ ಹದಿನೈದು ಭಾಗಕ್ಕೂ ಮಿಗಿಲಾದ ಸಸಾರಜನಕವುಂಟು. ಅದರ ಬಹುಪಾಲು ಹತ್ತಿರದ ಹಸುವಿಗೋ ತಿಪ್ಪೆಗೋ ಸೇರುತ್ತದೆ, ಒಣಗಿಸಿ ಮೂಟೆ ಕಟ್ಟಿದವರನ್ನು ನಾನು ಕಂಡಿಲ್ಲ. ಇನ್ನು ಉಪ್ಪು. ಮೂಳೆ ಕಡಿಯುವ, ಗೋಣಿಚೀಲ ಅಗಿಯುವ ದನಕ್ಕೆ ಬೇಕಾದದ್ದು ರಂಜಕವೆಂದು ವೈದ್ಯರು ಹೇಳಿಯಾರು. ಖನಿಜಮಿಶ್ರಣದ ಒಂದು ಹಿಡಿಯ ಬೆಲೆ ಬೀಡಿಯ ಕಟ್ಟಿಗಿಂತ ಹೆಚ್ಚಲ್ಲ.

ಒಂದು ದೊಡ್ಡಿಯ ಲೆಕ್ಕವನ್ನೇ ಹಾಕಿ ನೋಡೋಣ. ಐವತ್ತು ತಲೆಯ ಮಂದೆಯಲ್ಲಿ ಎಲ್ಲಕ್ಕೂ ಕೈಮೇವು ಬೇಕಾಗಿಲ್ಲ. ಗಬ್ಬದವು, ಕರುಹಾಕಿದವು, ಮೊದಲ ಬೇಸಗೆ ಕಾಣುತ್ತಿರುವ ಎಳೆಗಡಸುಗಳು, ಇವನ್ನು ಬೇರ್ಪಡಿಸಿದರೆ ಇಪ್ಪತ್ತಾಗಬಹುದು. ದಿನಕ್ಕೆ ತಲೆಗೆ ಕಾಲು ಕಿಲೋ ಹಿಂಡಿಯಂತೆ ನಾಲ್ಕು ತಿಂಗಳಿಗೆ ಆರುನೂರು ಕಿಲೋ, ಎಂದರೆ ಐವತ್ತು ಕಿಲೋದ ಹನ್ನೆರಡು ಚೀಲ. ರಾತ್ರಿ ಗೋದಲೆಗೆ ಮೂರು ಕಿಲೋ ಹುಲ್ಲಿನಂತೆ ಏಳು ಟನ್ನು. ಸಂಕ್ರಾಂತಿಯ ಸುಮಾರಿಗೆ ಕಾಲುವೆ ಬಯಲಿನಲ್ಲಿ ಹುಲ್ಲಿನ ಬೆಲೆ ಇಳಿದಿರುತ್ತದೆ. ಕೊಯ್ಲುಯಂತ್ರ ಓಡಿದ ಗದ್ದೆಗಳಲ್ಲಿ ಅದನ್ನು ಸುಡುವುದೂ ಉಂಟು. ಶಿವರಾತ್ರಿ ದಾಟಿದರೆ ಅದೇ ಹುಲ್ಲು ಕೇರಳದ ಲಾರಿಗಳನ್ನೇರಿರುತ್ತದೆ, ಜಿಲ್ಲಾಡಳಿತವು ಹೊರಸಾಗಣೆಯನ್ನು ನಿಷೇಧಿಸುವ ಹೊತ್ತಿಗೆ ಸಾಗಿಸಲು ಉಳಿದಿರುವುದೇ ಸ್ವಲ್ಪ. ಆ ಏಳು ಟನ್ನನ್ನೂ ಹನ್ನೆರಡು ಚೀಲಗಳನ್ನೂ ಸಕಾಲದಲ್ಲಿ ಬೆಟ್ಟ ಹತ್ತಿಸಲು ಹೊಸ ಇಲಾಖೆಯೇನೂ ಬೇಕಾಗಿಲ್ಲ. ಹಾಲು ಉತ್ಪಾದಕರ ಸಹಕಾರ ಸಂಘಗ‍ಳು ಈ ತಾಲ್ಲೂಕುಗಳ ಊರೂರಿನಲ್ಲಿವೆ. ಪಶು ಆಹಾರದ ಚೀಲಗಳನ್ನು ಅವು ಸದಸ್ಯರಿಗೆ ಹಂಚುತ್ತಲೇ ಇವೆ, ಸಾಲವಾಗಿ ಕೊಟ್ಟು ಹಾಲಿನ ಬಟವಾಡೆಯಲ್ಲಿ ಮುರಿದುಕೊಳ್ಳುವ ಕ್ರಮವೂ ಅಲ್ಲಿಗೆ ಹೊಸದಲ್ಲ. ತೊಡಕು ಇಷ್ಟೇ: ದೊಡ್ಡಿಯ ನಾಟಿಹಸು ತನ್ನ ಕರುವಿಗೆ ಮಿಕ್ಕಿ ಕೊಡುವ ಹಾಲು ಮನೆಗೇ ಸಾಲದು, ಅದರ ಆದಾಯ ಬರುವುದು ಗೊಬ್ಬರದಿಂದ, ಹೋರಿಗರುವಿನಿಂದ. ಡೈರಿಗೆ ಹಾಲು ಹಾಕದವನ ಹೆಸರು ಸಂಘದ ಪುಸ್ತಕದಲ್ಲಿ ಇರುವುದಿಲ್ಲ. ಗೊಬ್ಬರದ ಗಾಡಿಯನ್ನೂ ಹಾಲಿನ ಕ್ಯಾನಿನಂತೆಯೇ ಜಮೆಗೆ ಹಿಡಿದು, ಅದರ ಮೇಲೆ ಮಾಗಿಯಲ್ಲಿ ಹಿಂಡಿ ಕೊಟ್ಟು, ಹೊಲಕ್ಕೆ ಗೊಬ್ಬರ ಹೊಡೆಯುವ ಚೈತ್ರದಲ್ಲಿ ವಸೂಲುಮಾಡಿಕೊಳ್ಳುವ ಒಂದು ಉಪನಿಯಮವನ್ನು ಕೌದಳ್ಳಿ, ರಾಮಾಪುರಗಳ ಸಂಘಗಳು ತಮ್ಮ ಮುಂದಿನ ಮಹಾಸಭೆಯಲ್ಲಿಯೇ ಚರ್ಚೆಗೆ ತೆಗೆದುಕೊಳ್ಳಬಹುದು.